ಆಯುಷ್ಯ ನಿಶ್ಚಿತ, ಹಾಗಾದರೆ ಆಪರೇಶನ್‌ಗೆ ಆತುರವೇಕೆ?

ಕ್ಯಾನ್ಸರ್ ಎಂಬ ಶಬ್ದ ಮನೆಯೊಂದನ್ನು ಹೊಕ್ಕ ದಿನದಿಂದ ಆ ಮನೆಯ ಮಾತುಕತೆಯೇ ಬದಲಾಗುತ್ತದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರರು ಆಪರೇಶನ್ ಆಗಬೇಕೆಂದು ಹೇಳಿ ಒಂದು ತಾರೀಕು ಕೊಡುತ್ತಾರೆ. ಚೀಟಿ ಹಿಡಿದು ಮನೆಗೆ ಬಂದ ಬಳಿಕ ಸಮಾಲೋಚನೆ ಆರಂಭವಾಗುತ್ತದೆ. ರಂಝಾನ್ ಕಳೆಯಲಿ ಎಂದು ಒಬ್ಬರು ಹೇಳುತ್ತಾರೆ. ಮಗಳ ನಿಕಾಹ್ ಮುಗಿಯಲಿ ಎಂದು ಇನ್ನೊಬ್ಬರು. ಗಲ್ಫಿನಲ್ಲಿರುವ ಮಗನಿಗೆ ರಜೆ ಸಿಗಲಿ ಎಂದು ಮತ್ತೊಬ್ಬರು. ಕೊನೆಗೆ ಹಿರಿಯರೊಬ್ಬರು ಚರ್ಚೆಗೆ ತೆರೆ ಎಳೆಯುವಂತೆ ಹೇಳುತ್ತಾರೆ: “ಎಲ್ಲವೂ ಅಲ್ಲಾಹನ ಕೈಯಲ್ಲಿದೆ. ಆಯುಷ್ಯ ಇದ್ದರೆ ಬದುಕುತ್ತಾಳೆ, ಇಲ್ಲದಿದ್ದರೆ ಯಾವ ಡಾಕ್ಟರೂ ಉಳಿಸಲಾರ. ಒಂದು ತಿಂಗಳು ಹಿಂದೆ ಮುಂದೆ ಆದರೆ ಏನಾದೀತು?”

ಓದುಗ ಸಹೋದರ ಸಹೋದರಿಯರೇ, ಈ ಮಾತನ್ನು ಹೇಳುವವರು ಕಠಿಣ ಹೃದಯದವರಲ್ಲ. ಪ್ರತಿಯೊಬ್ಬನ ಮರಣದ ಗಳಿಗೆ ನಿಶ್ಚಿತವಾಗಿದೆ, ಅದು ಒಂದು ಕ್ಷಣವೂ ಹಿಂದೆ ಮುಂದೆ ಆಗದು ಎಂಬುದು ನಮ್ಮ ವಿಶ್ವಾಸದ ಭಾಗ. ಪವಿತ್ರ ಕುರ್‌ಆನ್ ಇದನ್ನು ಹಲವೆಡೆ ಕಲಿಸಿದೆ. ಹೀಗಿರುವಾಗ ಆಪರೇಶನ್‌ನ ತಾರೀಕಿಗೆ ಅಷ್ಟೊಂದು ಮಹತ್ವ ಕೊಡುವುದು ಈಮಾನಿನ ದುರ್ಬಲತೆಯಲ್ಲವೇ? ಇದು ಪ್ರಾಮಾಣಿಕವಾದ ಪ್ರಶ್ನೆ. ಮದರಸಗಳಲ್ಲಿ ಕಲಿಸುವ ನಮ್ಮಂಥವರ ಬಳಿಗೂ ಜನರು ಇದನ್ನು ಹೊತ್ತು ತರುತ್ತಾರೆ. ಉತ್ತರ ಕೊಡುವ ಮುನ್ನ ತಡವಾದರೆ ಏನಾಗುತ್ತದೆ ಎಂಬುದನ್ನು ಬಲ್ಲವರಿಂದ ತಿಳಿದುಕೊಳ್ಳಬೇಕು.

ವೈದ್ಯಕೀಯ ಕಂಡುಕೊಂಡದ್ದು

ಕ್ಯಾನ್ಸರ್ ಗಂಟು ಇದ್ದಲ್ಲೇ ಇರುವ ವಸ್ತುವಲ್ಲ. ಅದರ ಕಣಗಳು ದ್ವಿಗುಣಗೊಳ್ಳುತ್ತಾ ಹೋಗುತ್ತವೆ, ಬಳಿಕ ಹಾಲ್ರಸ ಗ್ರಂಥಿಗಳಿಗೂ ರಕ್ತದ ಮೂಲಕ ದೂರದ ಅಂಗಗಳಿಗೂ ಹರಡುತ್ತವೆ. ಸ್ತನದಲ್ಲಿ ಮಾತ್ರ ಇರುವಾಗ ತೆಗೆದ ಗಂಟಿಗೂ ಯಕೃತ್ತಿಗೋ ಎಲುಬಿಗೋ ತಲುಪಿದ ಬಳಿಕದ ಸ್ಥಿತಿಗೂ ಇರುವ ಅಂತರ ಬಹಳ ದೊಡ್ಡದು. ಆದರೆ ಕೆಲವು ವಾರಗಳ ಅಂತರದಿಂದ ವ್ಯತ್ಯಾಸವಾಗುತ್ತದೆಯೇ?

2020ರ ನವೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಬಗ್ಗೆ ಒಂದು ದೊಡ್ಡ ವರದಿ ಪ್ರಕಟವಾಯಿತು. ಅದುವರೆಗೆ ನಡೆದ 34 ಅಧ್ಯಯನಗಳನ್ನು ಒಟ್ಟುಗೂಡಿಸಿ, ಸುಮಾರು 12.7 ಲಕ್ಷ ರೋಗಿಗಳ ವಿವರಗಳನ್ನು ಅದರಲ್ಲಿ ಪರಿಶೀಲಿಸಲಾಗಿತ್ತು. ಸ್ತನ, ಕರುಳು, ಶ್ವಾಸಕೋಶ, ಗರ್ಭಕೋಶದ ಕೊರಳು, ಬಾಯಿ ಮತ್ತು ಗಂಟಲು ಮುಂತಾದ ಅಂಗಗಳ ಕ್ಯಾನ್ಸರ್‌ಗಳು ಅದರಲ್ಲಿ ಸೇರಿದ್ದವು. ಶಸ್ತ್ರಚಿಕಿತ್ಸೆ ಪ್ರತಿ ನಾಲ್ಕು ವಾರ ತಡವಾದಾಗಲೂ ಮರಣದ ಅಪಾಯ ಶೇಕಡಾ 6ರಿಂದ 8ರಷ್ಟು ಏರುತ್ತದೆ ಎಂದು ಕಂಡು ಬಂತು. ತಡ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. ಒಂದು ವರ್ಷದ ಕಾಲ ಎಲ್ಲ ಸ್ತನ ಕ್ಯಾನ್ಸರ್ ರೋಗಿಗಳ ಆಪರೇಶನ್ 12 ವಾರ ತಡವಾದರೆ ಬ್ರಿಟನ್ ಒಂದರಲ್ಲೇ ಸುಮಾರು 1,400 ಹೆಚ್ಚುವರಿ ಸಾವುಗಳಾಗಬಹುದೆಂದು ಆ ಸಂಶೋಧಕರು ಲೆಕ್ಕ ಹಾಕಿದ್ದಾರೆ.

ಆ ಸಮಯದಲ್ಲಿ ಇದು ಬರೀ ಲೆಕ್ಕದ ಮಾತಾಗಿರಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ನಮ್ಮ ದೇಶ ಸ್ತಬ್ಧವಾಯಿತು. ಆ ವರ್ಷದ ಮಾರ್ಚ್‌ನಿಂದ ಮೇ ವರೆಗೆ ಭಾರತದ 41 ಕ್ಯಾನ್ಸರ್ ಕೇಂದ್ರಗಳಲ್ಲಿ ಹೊಸದಾಗಿ ಹೆಸರು ನೋಂದಾಯಿಸಿದವರ ಸಂಖ್ಯೆ ಹಿಂದಿನ ವರ್ಷದ ಅದೇ ಅವಧಿಗಿಂತ ಶೇಕಡಾ 54ರಷ್ಟು ಕುಸಿಯಿತು. ದೊಡ್ಡ ಆಪರೇಶನ್‌ಗಳು ಶೇಕಡಾ 49ರಷ್ಟು ಕಡಿಮೆಯಾದವು. 61 ದೇಶಗಳ ಇಪ್ಪತ್ತು ಸಾವಿರ ರೋಗಿಗಳನ್ನು ಗಮನಿಸಿದ ಇನ್ನೊಂದು ಅಧ್ಯಯನದ ಪ್ರಕಾರ, ಸಂಪೂರ್ಣ ಲಾಕ್‌ಡೌನ್ ಇದ್ದ ಕಡೆಗಳಲ್ಲಿ ಏಳು ಮಂದಿಯಲ್ಲಿ ಒಬ್ಬರಿಗೆ ನಿಗದಿಯಾಗಿದ್ದ ಆಪರೇಶನ್ ಸಿಗಲೇ ಇಲ್ಲ. ರೋಗವು ಲಾಕ್‌ಡೌನ್‌ಗಾಗಿ ಕಾಯಲಿಲ್ಲ.

ಆಪರೇಶನ್ ನಡೆಯುವ ಗಳಿಗೆಯೂ ಮುಖ್ಯವಾಗಬಹುದೆಂದು ನಮ್ಮ ದೇಶದ ವೈದ್ಯರೇ ತೋರಿಸಿದ್ದಾರೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಭಾರತದ 11 ಆಸ್ಪತ್ರೆಗಳಲ್ಲಿ ಸುಮಾರು 1,600 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಅರ್ಧದಷ್ಟು ಮಂದಿಗೆ ಗಂಟನ್ನು ಕತ್ತರಿಸುವ ಏಳರಿಂದ ಹತ್ತು ನಿಮಿಷಗಳ ಮುಂಚೆ ಗಂಟಿನ ಸುತ್ತ ಲಿಡೋಕೇನ್ ಎಂಬ ಮರಗಟ್ಟಿಸುವ ಮದ್ದಿನ ಚುಚ್ಚುಮದ್ದು ಕೊಡಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಐದು ವರ್ಷಗಳ ಬಳಿಕ ಬದುಕಿದ್ದವರು ಚುಚ್ಚುಮದ್ದು ಪಡೆದವರಲ್ಲಿ ಶೇಕಡಾ 90.1, ಪಡೆಯದವರಲ್ಲಿ ಶೇಕಡಾ 86.4. ಯಾವುದೇ ಸಣ್ಣ ಊರಿನ ಔಷಧಿ ಅಂಗಡಿಯಲ್ಲೂ ಸಿಗುವ ಅಗ್ಗದ ಮದ್ದು, ಹತ್ತು ನಿಮಿಷ ಮುಂಚೆ ಕೊಟ್ಟುದರಿಂದ ನೂರರಲ್ಲಿ ಮೂರು ನಾಲ್ಕು ಮಂದಿಗೆ ಜೀವ ಉಳಿಯಿತು. ಅಲ್ಲಾಹನು ಈ ಲೋಕದಲ್ಲಿ ಕಾರಣಗಳನ್ನು ಎಷ್ಟು ಸೂಕ್ಷ್ಮವಾಗಿ ಹೆಣೆದಿದ್ದಾನೆ ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕೇ?

ಆದರೆ ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ತಡವೆಲ್ಲ ಒಂದೇ ತರದ್ದಲ್ಲ. ಕೆಲವೊಮ್ಮೆ ಗಂಟನ್ನು ಕುಗ್ಗಿಸಲು ಡಾಕ್ಟರರು ಮೊದಲು ಕೀಮೋ ಕೊಡುತ್ತಾರೆ. ಸಕ್ಕರೆ ಕಾಯಿಲೆ ಹತೋಟಿಗೆ ಬರಲೆಂದು, ರಕ್ತಹೀನತೆ ಸರಿಹೋಗಲೆಂದು ಕಾಯುತ್ತಾರೆ. ಕೆಲವು ಕ್ಯಾನ್ಸರ್‌ಗಳು ಬಹಳ ನಿಧಾನವಾಗಿ ಬೆಳೆಯುತ್ತವೆ. ಇಂಥ ಕಾಯುವಿಕೆ ಚಿಕಿತ್ಸೆಯದೇ ಒಂದು ಭಾಗ. ಆದುದರಿಂದ ಈ ಲೇಖನ ಓದಿ ಯಾರೂ ಗಾಬರಿಯಿಂದ ಡಾಕ್ಟರರನ್ನು ಅವಸರಿಸಬೇಕಾಗಿಲ್ಲ. ರೋಗವನ್ನು ಬಲ್ಲವನು ಯೋಚಿಸಿ ಕಾಯಿಸುವುದು ಒಂದು, ರೋಗವನ್ನು ಅರಿಯದವರು ತಮ್ಮ ಅನುಕೂಲಕ್ಕಾಗಿ ಕಾಯಿಸುವುದು ಇನ್ನೊಂದು. ನಮ್ಮ ಚರ್ಚೆ ಎರಡನೆಯದರ ಬಗ್ಗೆ.

ಕಾಣದ ಹಾನಿ

ಶೇಕಡಾ ಆರು, ಏಳು ಎಂದರೆ ಕೇಳಲು ಸಣ್ಣ ಸಂಖ್ಯೆ. ಅದರ ಅರ್ಥವೇನೆಂದು ನೋಡಿ. ಒಂದೇ ತರದ ರೋಗವಿರುವ ನೂರು ಮಂದಿಯಲ್ಲಿ ಸಕಾಲದಲ್ಲಿ ಆಪರೇಶನ್ ಆದರೂ 25 ಮಂದಿ ತೀರಿಕೊಳ್ಳುತ್ತಾರೆಂದು ಇಟ್ಟುಕೊಳ್ಳಿ. ಎಲ್ಲರದ್ದೂ ನಾಲ್ಕು ವಾರ ತಡವಾದರೆ ಆ ಸಂಖ್ಯೆ 26ನ್ನು ದಾಟುತ್ತದೆ. ಹೆಚ್ಚಿದ್ದು ಒಬ್ಬರು. ಆ ಒಬ್ಬರು ಯಾರು? ಯಾರಿಗೂ ಗೊತ್ತಾಗದು. ಇಪ್ಪತ್ತಾರು ಮಯ್ಯಿತ್‌ಗಳ ಮುಂದೆ ನಿಂತ ಯಾವ ಡಾಕ್ಟರೂ “ಇವರು ತಡವಾದುದರಿಂದ ಸತ್ತರು, ಉಳಿದವರು ರೋಗದಿಂದ ಸತ್ತರು” ಎಂದು ಬೆರಳು ತೋರಿಸಿ ಹೇಳಲಾರ. ಪ್ರತಿ ಮನೆಯವರೂ ಇದು ರೋಗದಿಂದಲೇ ಆದದ್ದು ಎಂದು ನಂಬಿ ಸಮಾಧಾನಪಟ್ಟುಕೊಳ್ಳಬಹುದು. ತಡ ಮಾಡಿದವರನ್ನು ಯಾವ ಕೋರ್ಟೂ ಹಿಡಿಯದು.

ಈ ವಿಷಯದ ನೈತಿಕ ತೊಡಕು ಇರುವುದು ಇಲ್ಲಿಯೇ. ಒಬ್ಬನು ಇನ್ನೊಬ್ಬನಿಗೆ ಕಲ್ಲು ಹೊಡೆದರೆ ಹೊಡೆದವನೂ ಪೆಟ್ಟು ತಿಂದವನೂ ಕಾಣುತ್ತಾರೆ. ವಿಳಂಬದಲ್ಲಿ ಹಾನಿ ಇದೆ, ಆದರೆ ಅದರ ಗುರುತು ಉಳಿಯುವುದಿಲ್ಲ. ಗುರುತು ಇಲ್ಲದ ಹಾನಿಯ ಬಗ್ಗೆ ಮನುಷ್ಯನ ಆತ್ಮಸಾಕ್ಷಿ ಬೇಗನೆ ನಿದ್ದೆ ಹೋಗುತ್ತದೆ. ಪರಲೋಕದ ವಿಚಾರಣೆಯಲ್ಲಿ ವಿಶ್ವಾಸವಿಟ್ಟವನು ಮಾತ್ರ ಇಲ್ಲಿ ಎಚ್ಚರವಾಗಿರಬಲ್ಲನು. ಏಕೆಂದರೆ ಆ ಒಬ್ಬರು ಯಾರೆಂದು ಅಲ್ಲಾಹನಿಗೆ ಗೊತ್ತು. ಅಣುವಿನಷ್ಟು ಒಳಿತೂ ಕೆಡುಕೂ ಮುಂದೆ ಬರಲಿದೆ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಅದು ಶೇಕಡಾ ಆರಕ್ಕೂ ಅನ್ವಯಿಸುತ್ತದೆ.

ವಿಧಿಯೂ ಮದ್ದೂ

ಈಗ ಮೂಲ ಪ್ರಶ್ನೆಗೆ ಬರೋಣ. ಆಯುಷ್ಯ ನಿಶ್ಚಿತವಾಗಿದ್ದರೆ ಈ ಲೆಕ್ಕಗಳಿಗೆ ಏನರ್ಥ?

ಈ ಪ್ರಶ್ನೆ ಹೊಸತಲ್ಲ. ಪ್ರವಾದಿವರ್ಯರ(ಸ) ಮುಂದೆಯೇ ಇದು ಬಂದಿತ್ತು. ನಾವು ಮಾಡುವ ಮದ್ದು, ಮಂತ್ರಿಸುವಿಕೆ, ರಕ್ಷಣೆಯ ಉಪಾಯಗಳು ಅಲ್ಲಾಹನ ವಿಧಿಯನ್ನು ತಡೆಯುತ್ತವೆಯೇ ಎಂದು ಸಹಾಬಿಯೊಬ್ಬರು ಕೇಳಿದರು. ಅವೂ ಅಲ್ಲಾಹನ ವಿಧಿಯಲ್ಲೇ ಸೇರಿವೆ ಎಂದು ಪ್ರವಾದಿವರ್ಯರು(ಸ) ಉತ್ತರಿಸಿದರೆಂದು ತಿರ್ಮಿದಿಯ ವರದಿಯಲ್ಲಿದೆ. ಈ ಚಿಕ್ಕ ಉತ್ತರದಲ್ಲಿ ಇಡೀ ವಿಷಯ ಅಡಗಿದೆ. ವಿಧಿ ಒಂದು ಕಡೆ, ಆಪರೇಶನ್ ಇನ್ನೊಂದು ಕಡೆ ನಿಂತು ಹಗ್ಗ ಎಳೆಯುತ್ತಿಲ್ಲ. ರೋಗ ಬರೆಯಲ್ಪಟ್ಟಂತೆ ಅದರ ಮದ್ದೂ, ಮದ್ದು ತಲುಪುವ ಸಮಯವೂ, ಅದನ್ನು ತಲುಪಿಸಲು ಓಡಾಡಿದವನ ಓಡಾಟವೂ ಬರೆಯಲ್ಪಟ್ಟಿವೆ. ಯಾರ ಆಯುಷ್ಯ ಎಷ್ಟೆಂಬುದು ಅಲ್ಲಾಹನ ಜ್ಞಾನದಲ್ಲಿದೆ. ಆ ಪುಟವನ್ನು ನಮಗೆ ತೋರಿಸಿಲ್ಲ. ತೋರಿಸದ ಪುಟವನ್ನು ಆಧಾರವಾಗಿಟ್ಟುಕೊಂಡು ತೀರ್ಮಾನ ಮಾಡುವ ಅಧಿಕಾರ ನಮಗೆಲ್ಲಿಂದ ಬಂತು?

ಹ. ಉಮರ್(ರ) ಅವರ ಕಾಲದ ಘಟನೆ ನಿಮಗೆ ತಿಳಿದೇ ಇದೆ. ಹಿಜರಿ 18ರ ಸುಮಾರಿಗೆ ಅವರು ಸಿರಿಯಾದ ಕಡೆಗೆ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ, ಮುಂದಿನ ಪ್ರದೇಶದಲ್ಲಿ ಪ್ಲೇಗ್ ಹಬ್ಬಿದೆ ಎಂಬ ಸುದ್ದಿ ಬಂತು. ಅವರು ಸಂಗಡಿಗರೊಡನೆ ಸಮಾಲೋಚಿಸಿ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿ ಹೋಗುವುದೇ ಎಂದು ಹ. ಅಬೂ ಉಬೈದಾ(ರ) ಕೇಳಿದರು. ಒಂದು ವಿಧಿಯಿಂದ ಅಲ್ಲಾಹನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದಲ್ಲಿ ಉಮರ್(ರ) ಉತ್ತರಿಸಿದರು. ಕಣಿವೆಯ ಒಂದು ಬದಿ ಹಸುರಾಗಿಯೂ ಇನ್ನೊಂದು ಬದಿ ಬರಡಾಗಿಯೂ ಇದ್ದರೆ ಒಂಟೆಯನ್ನು ಯಾವ ಬದಿಯಲ್ಲಿ ಮೇಯಿಸಿದರೂ ಅದು ವಿಧಿಯೇ, ಆದರೆ ಬುದ್ಧಿಯುಳ್ಳವನು ಹಸುರಿನಲ್ಲಿ ಮೇಯಿಸುತ್ತಾನೆ ಎಂದು ತಿಳಿ ಹೇಳಿದರು. ಉಮರ್(ರ) ಅವರಿಗಿಂತ ಹೆಚ್ಚಿನ ತವಕ್ಕುಲ್ ನಮಗಿದೆಯೇ?

ನಾವು ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಆಯುಷ್ಯದಂತೆ ಅನ್ನವೂ ನಿಶ್ಚಿತ ಎಂಬುದು ನಮ್ಮ ವಿಶ್ವಾಸ. ರಿಝ್ಕ್ ಬರೆಯಲ್ಪಟ್ಟಿದೆ, ಅದು ತಪ್ಪದು. ಹಾಗೆಂದು ವೀಸಾ ಬಂದ ಹುಡುಗನಿಗೆ ಯಾರಾದರೂ “ಅನ್ನ ಇದ್ದರೆ ಸಿಗುತ್ತದೆ, ಒಂದು ತಿಂಗಳು ತಡವಾಗಿ ಹೋದರೇನು” ಎನ್ನುತ್ತಾರೆಯೇ? ವೀಸಾದ ಅವಧಿ ಮುಗಿಯುವ ಮುನ್ನ ವಿಮಾನ ಹತ್ತಿಸಲು ಮನೆಯೇ ಎದ್ದು ನಿಲ್ಲುತ್ತದೆ. ಅಂಗಡಿಯವನು ಸಂತೆಯ ದಿನ ಬೆಳಗ್ಗೆ ಬಾಗಿಲು ತೆರೆಯುತ್ತಾನೆ, ರೈತನು ಮಳೆಗೆ ಮುಂಚೆ ಗದ್ದೆ ಹದ ಮಾಡುತ್ತಾನೆ. ದುಡ್ಡಿನ ವಿಷಯದಲ್ಲಿ ಕಾರಣಗಳ ಬೆನ್ನು ಹತ್ತುವ ನಾವು ಉಮ್ಮನ ಆಪರೇಶನ್ ವಿಷಯದಲ್ಲಿ ಮಾತ್ರ ವಿಧಿಯನ್ನು ನೆನೆಯುವುದಾದರೆ, ಅದು ತವಕ್ಕುಲ್ ಆಗಿರದೆ ಸೋಮಾರಿತನವೋ ಭಯವೋ ಆಗಿರಬಹುದೆಂದು ಪರಿಶೀಲಿಸಬೇಕು. ಒಂಟೆಯನ್ನು ಮೊದಲು ಕಟ್ಟಿ ಆ ಮೇಲೆ ಭರವಸೆಯಿಡಬೇಕೆಂಬ ಪಾಠವನ್ನು ನಾವೆಲ್ಲ ಒಂದನೇ ತರಗತಿಯಲ್ಲೇ ಕಲಿತಿದ್ದೇವೆ.

ಮದೀನಾದ ಏಳು ಪ್ರಸಿದ್ಧ ಫಕೀಹ್‌ಗಳಲ್ಲಿ ಒಬ್ಬರಾದ ಉರ್ವಾ ಬಿನ್ ಝುಬೈರ್(ರ) ಅವರ ಚರಿತ್ರೆಯೂ ಇಲ್ಲಿ ನೆನಪಾಗುತ್ತದೆ. ಅವರು ಹ. ಆಯಿಶಾ(ರ) ಅವರ ಸಹೋದರಿಯ ಪುತ್ರ. ಖಲೀಫ ವಲೀದ್‌ರನ್ನು ಕಾಣಲು ಹೋದ ಪ್ರಯಾಣದಲ್ಲಿ ಅವರ ಕಾಲಿಗೆ ಕೊಳೆಯುವ ವ್ರಣ ತಗಲಿತು. ಕತ್ತರಿಸದಿದ್ದರೆ ಮೇಲಕ್ಕೇರುತ್ತದೆ ಎಂದು ವೈದ್ಯರು ಹೇಳಿದರು. ಅಮಲಿನ ಪಾನೀಯ ಕೊಡುತ್ತೇವೆ ಎಂದಾಗ ನಿರಾಕರಿಸಿದ ಅವರು ಕಾಲು ಕತ್ತರಿಸುವುದನ್ನು ನಿರಾಕರಿಸಲಿಲ್ಲ. ಅದೇ ಪ್ರಯಾಣದಲ್ಲಿ ಅವರ ಒಬ್ಬ ಮಗ ಕುದುರೆಯ ಒದೆತಕ್ಕೆ ಸಿಕ್ಕಿ ತೀರಿಕೊಂಡರು. ಎರಡು ಆಘಾತಗಳ ನಡುವೆಯೂ ಅವರು ಅಲ್ಲಾಹನನ್ನು ಸ್ತುತಿಸಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಅವರ ಸಹನೆಯ ಕಥೆಯನ್ನು ನಮ್ಮ ಪ್ರಸಂಗಗಳಲ್ಲಿ ಬಹಳ ಸಲ ಕೇಳುತ್ತೇವೆ. ವೈದ್ಯರ ಮಾತು ಕೇಳಿ ಸಕಾಲದಲ್ಲಿ ಕಾಲು ಚಾಚಿದರು ಎಂಬ ಭಾಗವನ್ನು ಮಾತ್ರ ಹೆಚ್ಚಾಗಿ ಬಿಟ್ಟು ಬಿಡುತ್ತೇವೆ.

ನಾವು ಹೇಳಿಕೊಳ್ಳುವ ಕಾರಣಗಳು

ಮುಂದೂಡಲು ನಾವು ಕೊಡುವ ಕಾರಣಗಳನ್ನು ಒಂದೊಂದಾಗಿ ನೋಡಿ.

ಮೊದಲನೆಯದು ರಂಝಾನ್. ಉಪವಾಸವನ್ನು ಕಡ್ಡಾಯಗೊಳಿಸಿದ ಸೂಕ್ತವೇ ರೋಗಿಗೆ ರಿಯಾಯಿತಿಯನ್ನೂ ಕೊಟ್ಟಿದೆ. ಗುಣವಾದ ಮೇಲೆ ಉಪವಾಸವನ್ನು ತೀರಿಸಬಹುದು, ಗುಣವಾಗುವ ನಿರೀಕ್ಷೆ ಇಲ್ಲದವರಿಗೆ ಫಿದ್ಯಾ ಇದೆ. ನಿಂತು ನಮಾಝ್ ಮಾಡಲಾಗದವರು ಕುಳಿತು, ಕೂರಲಾಗದವರು ಮಲಗಿ ಮಾಡಬಹುದು. ನೀರು ತಾಗಬಾರದವರಿಗೆ ತಯಮ್ಮುಮ್ ಇದೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ನಾವು ತಿರಸ್ಕರಿಸಿ ಅದನ್ನು ಭಕ್ತಿ ಎಂದು ಕರೆಯುವುದು ಸರಿಯಲ್ಲ.

ಎರಡನೆಯದು ದಿನದ ಶಕುನ. ಸಫರ್ ತಿಂಗಳು ಬೇಡ, ಈ ವಾರ ಬೇಡ, ಅದು ನಹ್ಸ್ ದಿನ ಎಂದು ಹೇಳುವವರು ಈಗಲೂ ನಮ್ಮ ನಡುವೆ ಇದ್ದಾರೆ. ಸಫರ್‌ನ ಅಪಶಕುನವನ್ನು ಪ್ರವಾದಿವರ್ಯರು(ಸ) ಸ್ಪಷ್ಟವಾಗಿ ಅಲ್ಲಗಳೆದಿದ್ದಾರೆ. ದಿನಗಳ ಬಗ್ಗೆ ವೈದ್ಯರೂ ವಿಚಾರ ಮಾಡಿದ್ದಾರೆ. ಸ್ವೀಡನ್‌ನಲ್ಲಿ ಅನ್ನನಾಳದ ಕ್ಯಾನ್ಸರ್‌ಗೆ ಆಪರೇಶನ್ ಮಾಡಿಸಿಕೊಂಡ 1,748 ಮಂದಿಯ ದಾಖಲೆಗಳನ್ನು ನೋಡಿದಾಗ, ವಾರದ ಮೊದಲೆರಡು ದಿನಗಳಿಗಿಂತ ಬುಧವಾರದಿಂದ ಶುಕ್ರವಾರದ ವರೆಗೆ ಆಪರೇಶನ್ ಆದವರಲ್ಲಿ ಮುಂದಿನ ಐದು ವರ್ಷಗಳ ಮರಣದ ಅಪಾಯ ಶೇಕಡಾ 13ರಷ್ಟು ಹೆಚ್ಚಿತ್ತು. 2016ರಲ್ಲಿ ಇದು ಪ್ರಕಟವಾಯಿತು. ಆದರೆ ನೆದರ್‌ಲ್ಯಾಂಡ್ಸ್‌ನಲ್ಲಿ ದೇಶಮಟ್ಟದಲ್ಲಿ ಪರಿಶೀಲಿಸಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಎರಡು ರೀತಿಯ ಯೋಚನೆಗಳ ಅಂತರವನ್ನು ಗಮನಿಸಿ. ವೈದ್ಯರು ಕೇಳಿದ್ದು ವಾರದ ಕೊನೆಗೆ ಶಸ್ತ್ರಚಿಕಿತ್ಸಕರು ದಣಿದಿರುತ್ತಾರೆಯೇ, ರಜೆಯ ದಿನಗಳಲ್ಲಿ ಆರೈಕೆಗೆ ಜನ ಕಡಿಮೆಯಿರುತ್ತಾರೆಯೇ ಎಂದು. ಅದು ಕಾರಣವನ್ನು ಹುಡುಕುವ, ತಪ್ಪಿದ್ದರೆ ತಿದ್ದಿಕೊಳ್ಳಲು ಸಿದ್ಧವಿರುವ ಯೋಚನೆ. ನಹ್ಸ್‌ನ ಮಾತಿಗೆ ಕಾರಣವೂ ಇಲ್ಲ, ಪರೀಕ್ಷೆಯೂ ಇಲ್ಲ.

ಮೂರನೆಯದು ಲಜ್ಜೆ. ಇದರ ಬಗ್ಗೆ ತುಸು ಹೆಚ್ಚು ಹೇಳಬೇಕಾಗಿದೆ. ನಮ್ಮ ಮಹಿಳೆಯರಲ್ಲಿ ಎಷ್ಟೋ ಮಂದಿ ಸ್ತನದಲ್ಲಿ ಗಂಟು ಕಂಡರೂ ತಿಂಗಳುಗಟ್ಟಲೆ ಯಾರಿಗೂ ಹೇಳುವುದಿಲ್ಲ. ನೋವು ಇಲ್ಲವಲ್ಲ ಎಂದುಕೊಳ್ಳುತ್ತಾರೆ, ಆದರೆ ಆರಂಭದಲ್ಲಿ ಇಂಥ ಗಂಟು ಹೆಚ್ಚಾಗಿ ನೋಯುವುದೇ ಇಲ್ಲ. ಹೇಳಿದ ಬಳಿಕವೂ ಮಹಿಳಾ ಡಾಕ್ಟರ್ ಸಿಗುವ ವರೆಗೆ ಎಂದು ಕಾಯುತ್ತಾರೆ. ಲಜ್ಜೆ ಈಮಾನಿನ ಅಂಗ, ಮಹಿಳಾ ಡಾಕ್ಟರರನ್ನು ಕೇಳುವುದು ಅವರ ಹಕ್ಕು. ಸಿಗುವಲ್ಲಿ ಅವರ ಬಳಿಗೇ ಹೋಗಬೇಕು. ಆದರೆ ಸಿಗದಿದ್ದಾಗ ಪುರುಷ ಡಾಕ್ಟರರಿಂದ ಅಗತ್ಯವಿರುವಷ್ಟು ಚಿಕಿತ್ಸೆ ಪಡೆಯಲು ವಿದ್ವಾಂಸರು ಅನುಮತಿ ಕೊಟ್ಟಿದ್ದಾರೆ. ಪ್ರವಾದಿವರ್ಯರ(ಸ) ಕಾಲದಲ್ಲಿ ರುಬಯ್ಯಿಅ್(ರ) ಮುಂತಾದ ಸಹಾಬಿ ಮಹಿಳೆಯರು ಯುದ್ಧದಲ್ಲಿ ಗಾಯಗೊಂಡ ಪುರುಷರಿಗೆ ಉಪಚಾರ ಮಾಡಿದ್ದರು. ಗಂಡಸರೇ, ನಿಮ್ಮ ಮನೆಯ ಹೆಂಗಸರು ಹೇಳಲು ಅಂಜುವಂಥ ವಾತಾವರಣವನ್ನು ನೀವು ಮಾಡಿಟ್ಟಿದ್ದರೆ ಅದರ ಉತ್ತರದಾಯಿಗಳು ನೀವೇ.

ನಾಲ್ಕನೆಯದು ಮದುವೆ ಮತ್ತು ರಜೆ. ತಾಯಿಯೊಬ್ಬಳು ತನ್ನ ರೋಗವನ್ನು ಅಡಗಿಸಿ ಮಗಳ ನಿಕಾಹ್ ಮುಗಿಸಲು ಬಯಸುವುದು ಆಕೆಯ ಮಮತೆ. ಆದರೆ ಆ ಮಮತೆಯನ್ನು ಸ್ವೀಕರಿಸುವ ಮಕ್ಕಳ ಧರ್ಮ ಯಾವುದು? ನಿಕಾಹ್‌ಗೆ ಬೇಕಾದುದು ವರ, ವಲಿ, ಇಬ್ಬರು ಸಾಕ್ಷಿಗಳು, ಮಹರ್. ಸಭಾಂಗಣ ಕಾದಿರಿಸಿದ ತಾರೀಕನ್ನು ಬದಲಿಸಬಹುದು, ಸಣ್ಣದಾಗಿ ಮನೆಯಲ್ಲೇ ನೆರವೇರಿಸಬಹುದು. ದುಬೈಯಲ್ಲಿರುವ ಮಗ ಬರುವ ವರೆಗೆ ಕಾಯುವುದಕ್ಕಿಂತ ಫೋನಿನಲ್ಲಿ ಸಮಾಲೋಚಿಸಿ, ಆತ ವಿಮಾನದ ಟಿಕೆಟಿನ ಹಣವನ್ನು ಚಿಕಿತ್ಸೆಗೆ ಕಳುಹಿಸಿದರೆ ಅದೂ ಸೇವೆಯೇ. ಸ್ವರ್ಗ ತಾಯಿಯ ಪಾದದಡಿಯಲ್ಲಿದೆ ಎನ್ನುವವರು ಆ ತಾಯಿಯ ನಾಲ್ಕು ವಾರಗಳಿಗೆ ಬೆಲೆ ಕಟ್ಟಲು ಕಲಿಯಬೇಕು.

ಕೊನೆಯದು, ಬೇರೆ ಮದ್ದು ಮಾಡಿ ನೋಡೋಣ ಎಂಬ ಸಲಹೆ. ದುಆ, ಕುರ್‌ಆನ್ ಪಾರಾಯಣ ಎಂದೂ ಬಿಡಬಾರದ ಸಾಧನಗಳು. ಜೇನು, ಕರಿಜೀರಿಗೆಗಳ ಪ್ರಯೋಜನವನ್ನೂ ನಾವು ನಂಬುತ್ತೇವೆ. ಆದರೆ ಅವುಗಳ ಹೆಸರಿನಲ್ಲಿ ಶಸ್ತ್ರಚಿಕಿತ್ಸೆಯನ್ನು ಎರಡು ತಿಂಗಳು ತಡೆ ಹಿಡಿಯಲು ಹೇಳುವವನು ದೊಡ್ಡ ಹೊಣೆ ಹೊರುತ್ತಾನೆ. ತಲೆಗೆ ಗಾಯವಾಗಿದ್ದ ಒಬ್ಬರಿಗೆ ಸ್ನಾನ ಕಡ್ಡಾಯವಾದಾಗ, ರಿಯಾಯಿತಿ ಇಲ್ಲವೆಂದು ಸಂಗಡಿಗರು ತಿಳಿಯದೆ ಹೇಳಿದರು. ಅವರು ಸ್ನಾನ ಮಾಡಿ ತೀರಿಕೊಂಡರು. ಸುದ್ದಿ ಕೇಳಿದ ಪ್ರವಾದಿವರ್ಯರು(ಸ) ಬಹಳ ಕೋಪಗೊಂಡು ಆ ಸಾವಿನ ಹೊಣೆಯನ್ನು ಸಲಹೆ ಕೊಟ್ಟವರ ಮೇಲೆ ಹೊರಿಸಿದರು, ತಿಳಿಯದಿದ್ದರೆ ಕೇಳಬೇಕಿತ್ತು ಎಂದರು. ಅಬೂದಾವೂದ್‌ನಲ್ಲಿರುವ ಈ ವರದಿ ಮದ್ದು ಹೇಳುವ ಎಲ್ಲರಿಗೂ, ವಿಶೇಷವಾಗಿ ನಮ್ಮಂಥ ಉಸ್ತಾದರುಗಳಿಗೆ ಎಚ್ಚರಿಕೆ. ರೋಗಿ ಬಂದು ಕೇಳಿದರೆ ದುಆ ಮಾಡೋಣ, ಧೈರ್ಯ ಹೇಳೋಣ, ಡಾಕ್ಟರರು ಕೊಟ್ಟ ತಾರೀಕಿಗೆ ತಪ್ಪದೆ ಹೋಗಲು ಹೇಳೋಣ. ಸ್ವತಃ ಪ್ರವಾದಿವರ್ಯರು(ಸ) ಹ. ಸಅದ್(ರ) ಅವರು ರೋಗಪೀಡಿತರಾದಾಗ ಸಕೀಫ್ ಗೋತ್ರದ ವೈದ್ಯ ಹಾರಿಸ್ ಬಿನ್ ಕಲದಾರನ್ನು ಕಾಣಲು ಹೇಳಿದ್ದರು.

ಸರದಿಯಲ್ಲಿ ನಿಂತವರ ಹಕ್ಕು

ವಿಳಂಬ ಯಾವಾಗಲೂ ಮನೆಯವರಿಂದಲೇ ಆಗುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರನ್ನು ಅದು ಹೊತ್ತಿದೆ. ಅಲ್ಲಿಗೆ ಬೀದರ್, ರಾಯಚೂರಿನಿಂದಲೂ ಬಡವರು ಬರುತ್ತಾರೆ. ರೋಗಿಗಳು ಅನೇಕ, ಆಪರೇಶನ್ ಮೇಜುಗಳು ಕೆಲವು. ಎಲ್ಲ ದೊಡ್ಡ ಸರಕಾರಿ ಆಸ್ಪತ್ರೆಗಳ ಸ್ಥಿತಿ ಇದೇ. ಅಲ್ಲಿ ತಾರೀಕು ಎಂಬುದು ಹಂಚಿಕೊಳ್ಳಬೇಕಾದ ಸಂಪತ್ತು.

ಇಲ್ಲಿ ಇನ್ನೊಂದು ನೈತಿಕ ಪ್ರಶ್ನೆ ಏಳುತ್ತದೆ. ನಿಮಗೆ ಒಬ್ಬ ಪ್ರಭಾವಿ ವ್ಯಕ್ತಿಯ ಪರಿಚಯವಿದೆ. ಅವರ ಒಂದು ಫೋನ್‌ನಿಂದ ನಿಮ್ಮ ತಂದೆಯ ಆಪರೇಶನ್ ಮೂರು ವಾರ ಮುಂಚಿತವಾಗುತ್ತದೆ. ಫೋನ್ ಮಾಡಿಸಬಹುದೇ? ಮಗನ ಹೃದಯ ಮಾಡಿಸು ಎನ್ನುತ್ತದೆ. ಆದರೆ ನಿಮ್ಮ ತಂದೆ ಮೂರು ವಾರ ಮುಂದೆ ಬಂದರೆ ಇನ್ನೊಬ್ಬರು ಹಿಂದೆ ಹೋಗುತ್ತಾರೆ. ನಾವು ಮೇಲೆ ನೋಡಿದ ಕಾಣದ ಹಾನಿ ಈಗ ಅವರ ಮನೆಗೆ ಹೋಗುತ್ತದೆ. ಅವರಿಗೆ ಫೋನ್ ಮಾಡುವವರಿಲ್ಲ. ಕುಲೀನ ಮನೆತನದ ಮಹಿಳೆಯೊಬ್ಬಳ ಪರವಾಗಿ ಹ. ಉಸಾಮಾ(ರ) ಶಿಫಾರಸು ತಂದಾಗ ಪ್ರವಾದಿವರ್ಯರ(ಸ) ಮುಖ ಕೆಂಪಾಯಿತು. ಬಲಿಷ್ಠರಿಗೊಂದು ದುರ್ಬಲರಿಗೊಂದು ನ್ಯಾಯ ಮಾಡಿದ ಜನಾಂಗಗಳು ನಾಶವಾದುದನ್ನು ಅವರು ನೆನಪಿಸಿದರು.

ಹಾಗೆಂದು ಎಲ್ಲ ಶಿಫಾರಸೂ ತಪ್ಪಲ್ಲ. ಕಡತ ಕಳೆದು ಹೋಗಿದ್ದರೆ, ರೋಗ ಉಲ್ಬಣಿಸಿದ್ದು ಡಾಕ್ಟರರ ಗಮನಕ್ಕೆ ಬಾರದಿದ್ದರೆ, ಅನಕ್ಷರಸ್ಥನಾದ ರೋಗಿಯನ್ನು ಯಾರೂ ವಿಚಾರಿಸದಿದ್ದರೆ, ಅವನಿಗೆ ಸಲ್ಲಬೇಕಾದುದನ್ನು ಕೊಡಿಸಲು ಮಾತಾಡುವುದು ಪುಣ್ಯದ ಕೆಲಸ. ಬೇರೆ ಆಸ್ಪತ್ರೆಯಲ್ಲಿ ಬೇಗ ತಾರೀಕು ಸಿಗುವುದಾದರೆ ಅಲ್ಲಿಗೆ ಹೋಗುವುದೂ ತಪ್ಪಲ್ಲ. ಸಲ್ಲಬೇಕಾದುದನ್ನು ಪಡೆಯುವುದು ಹಕ್ಕು, ಇನ್ನೊಬ್ಬನ ಸರದಿಯನ್ನು ಕಸಿಯುವುದು ಅನ್ಯಾಯ. ಇವೆರಡರ ನಡುವಿನ ಗೆರೆಯನ್ನು ತಂದೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಎಳೆಯುವುದು ಸುಲಭವಲ್ಲ. ನಿಜವಾದ ತಕ್ವಾದ ಪರೀಕ್ಷೆ ಅಂಥಲ್ಲಿಯೇ ನಡೆಯುತ್ತದೆ.

ಇನ್ನೊಂದು ವಿಷಯ. ಕೊಟ್ಟ ತಾರೀಕಿಗೆ ಹೋಗಲು ನಿಜವಾಗಿಯೂ ಸಾಧ್ಯವಾಗದಿದ್ದರೆ ಆಸ್ಪತ್ರೆಗೆ ಮೊದಲೇ ತಿಳಿಸಿ. ನೀವು ಹೇಳದೆ ಕೇಳದೆ ಮನೆಯಲ್ಲಿ ಉಳಿದರೆ ಆ ದಿನದ ಮೇಜು ಖಾಲಿ ಬೀಳಬಹುದು. ಒಂದು ಫೋನ್‌ನಿಂದ ಅದು ಇನ್ನೊಬ್ಬ ತಾಯಿಗೆ ಸಿಕ್ಕೀತು. ತಾರೀಕು ಕೂಡಾ ಒಂದು ಅಮಾನತ್.

ಜಮಾಅತ್‌ನ ಹೊಣೆ

ಬಡವನ ಆಪರೇಶನ್ ತಡವಾಗುವುದು ಹೆಚ್ಚಾಗಿ ಮೂರು ಕಾರಣಗಳಿಂದ: ಹಣ, ಕಾಗದ, ರಕ್ತ. ಈ ಮೂರನ್ನೂ ಒಂದು ಮೊಹಲ್ಲಾ ಮನಸ್ಸು ಮಾಡಿದರೆ ಹಗುರ ಮಾಡಬಹುದು.

ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿ ವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆದರೆ ರೇಶನ್ ಕಾರ್ಡಿನಲ್ಲಿ ಹೆಸರು ತಪ್ಪಿದ್ದರೆ, ಆಧಾರ್‌ನಲ್ಲಿ ಇನ್ನೊಂದು ರೀತಿ ಬರೆದಿದ್ದರೆ, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಇಲ್ಲದಿದ್ದರೆ ವಾರಗಳು ಕಳೆಯುತ್ತವೆ. ಕಚೇರಿಗೆ ಅಲೆಯಬಲ್ಲ ಇಬ್ಬರು ಓದಿದ ಯುವಕರನ್ನು ಮಸೀದಿಯ ವತಿಯಿಂದ ಈ ಕೆಲಸಕ್ಕೆ ನೇಮಿಸಿದರೆ ಸಾಕು. ರೋಗ ಬರುವ ಮುನ್ನವೇ ಮೊಹಲ್ಲಾದ ಎಲ್ಲರ ಕಾರ್ಡುಗಳನ್ನು ಸರಿಪಡಿಸಿಟ್ಟರೆ ಇನ್ನೂ ಒಳ್ಳೆಯದು.

ರಕ್ತ ಸಿಗದೆ ಆಪರೇಶನ್ ನಿಲ್ಲುವುದಿದೆ. ಮೀಲಾದ್‌ನ ತಿಂಗಳಲ್ಲಿ ಹಲವೆಡೆ ರಕ್ತದಾನ ಶಿಬಿರ ನಡೆಯುತ್ತಿರುವುದು ಸಂತೋಷದ ವಿಷಯ. ರೋಗಿ ಯಾವ ಧರ್ಮದವರೆಂದು ಕೇಳದೆ ಓಡುವ ತರುಣರ ಪಟ್ಟಿಯೊಂದು ಪ್ರತಿ ಮಸೀದಿಯಲ್ಲಿ ಇರಲಿ.

ಇನ್ನು ಝಕಾತ್. ನಮ್ಮಲ್ಲಿ ಅನೇಕರು ಅದನ್ನು ರಂಝಾನ್‌ಗಾಗಿ ಕಾದಿಡುತ್ತಾರೆ. ಶಅಬಾನ್‌ಗೆ ಐದು ತಿಂಗಳ ಮುಂಚೆ ಗಂಟು ಪತ್ತೆಯಾದ ಬಡ ವಿಧವೆ ಅಷ್ಟು ಕಾಲ ಕಾಯಬೇಕೇ? ಹ. ಅಬ್ಬಾಸ್(ರ) ತಮ್ಮ ಝಕಾತನ್ನು ಅವಧಿಗೆ ಮುಂಚಿತವಾಗಿ ಕೊಡಲು ಅನುಮತಿ ಕೇಳಿದಾಗ ಪ್ರವಾದಿವರ್ಯರು(ಸ) ಅನುಮತಿಸಿದ್ದರು. ಹೆಚ್ಚಿನ ಫಕೀಹ್‌ಗಳು ಇದನ್ನು ಆಧರಿಸಿ, ನಿಸಾಬ್ ಉಳ್ಳವನು ವರ್ಷ ತುಂಬುವ ಮುನ್ನವೇ ಕೊಡಬಹುದೆಂದು ಹೇಳಿದ್ದಾರೆ. ಶರೀಅತ್ ಅವಕಾಶ ಕೊಟ್ಟಿರುವಾಗ ನಮ್ಮ ರೂಢಿ ಅಡ್ಡ ನಿಲ್ಲಬಾರದು.

ಕಳೆದು ಹೋದ ಮೇಲೆ

ಇದನ್ನು ಓದುವವರಲ್ಲಿ ತಾಯಿಯನ್ನೋ ಹೆಂಡತಿಯನ್ನೋ ಕಳೆದುಕೊಂಡವರಿರಬಹುದು. ಆಪರೇಶನ್ ತಡವಾಗಿತ್ತು ಎಂಬ ನೆನಪು ಅವರನ್ನು ಈಗಲೂ ಚುಚ್ಚುತ್ತಿರಬಹುದು. ಅವರ ಎದೆಯ ಮೇಲೆ ಇನ್ನೊಂದು ಕಲ್ಲು ಹೇರಲು ಈ ಲೇಖನ ಬರೆದಿಲ್ಲ. ಪ್ರಯತ್ನಿಸಬೇಕೆಂದು ಆದೇಶಿಸಿದ ಪ್ರವಾದಿವರ್ಯರೇ(ಸ), ನಡೆದು ಹೋದುದರ ಬಗ್ಗೆ ‘ಹೀಗೆ ಮಾಡಿದ್ದರೆ ಹಾಗಾಗುತ್ತಿತ್ತು’ ಎಂದು ಕೊರಗುವುದು ಶೈತಾನನಿಗೆ ಬಾಗಿಲು ತೆರೆಯುತ್ತದೆ ಎಂದೂ ಎಚ್ಚರಿಸಿದ್ದಾರೆ. ಆ ಶೇಕಡಾ ಆರರಲ್ಲಿ ನಿಮ್ಮವರು ಇದ್ದರೋ ಇಲ್ಲವೋ ಎಂದು ನೀವು ತಿಳಿಯಲಾರಿರಿ. ತಿಳಿಯದೆ ಅಲಕ್ಷ್ಯವಾಗಿದ್ದರೆ ಕ್ಷಮೆ ಕೇಳಿ, ಅವರಿಗಾಗಿ ದುಆ ಮಾಡಿ, ದಾನ ಮಾಡಿ. ಬಳಿಕ ಅಲ್ಲಾಹನ ತೀರ್ಮಾನಕ್ಕೆ ತಲೆಬಾಗಿ.

ವಿಧಿಯ ವಿಶ್ವಾಸಕ್ಕೆ ಸರಿಯಾದ ಸ್ಥಳ ಇದೇ. ಆಪರೇಶನ್ ಮುಗಿದು ಡಾಕ್ಟರರು ಕೈ ತೊಳೆದ ಮೇಲೆ, ಫಲಿತಾಂಶ ಏನೇ ಬಂದರೂ, ಮನುಷ್ಯನನ್ನು ಕುಸಿಯದಂತೆ ಹಿಡಿಯುವುದು ಆ ವಿಶ್ವಾಸ. ಅದನ್ನು ಎರಡು ತಿಂಗಳು ಮುಂಚೆಯೇ ತಂದು, ಆಸ್ಪತ್ರೆಯ ಚೀಟಿಯನ್ನು ಕಪಾಟಿನಲ್ಲಿಡಲು ನೆಪ ಮಾಡಿಕೊಂಡರೆ ವಿಶ್ವಾಸಕ್ಕೂ ಅವಮಾನ, ರೋಗಿಗೂ ಅನ್ಯಾಯ.

ಆದುದರಿಂದ ನಿಮ್ಮ ಮನೆಯಲ್ಲಿ ಅಂಥ ಚೀಟಿಯೊಂದು ಇದ್ದರೆ ಈ ದಿನವೇ ತೆಗೆದು ನೋಡಿ. ತಾರೀಕು ಕಳೆದಿದ್ದರೆ ನಾಳೆ ಬೆಳಗ್ಗೆ ಫಜ್ರ್ ನಮಾಝ್ ಮುಗಿಸಿ ಆಸ್ಪತ್ರೆಗೆ ಹೊರಡಿ. ಯಾರಾದರೂ ಮನೆಯಲ್ಲಿ ಗಂಟನ್ನು ಬಚ್ಚಿಟ್ಟಿದ್ದಾರೆಂಬ ಸಂಶಯವಿದ್ದರೆ ಮೆಲ್ಲನೆ ಕೇಳಿ. ಅಲ್ಲಾಹನು ರೋಗಿಗಳಿಗೆ ಶಿಫಾ ನೀಡಲಿ, ಅವರ ಸೇವೆ ಮಾಡುವ ಕೈಗಳಿಗೆ ಬಲ ಕೊಡಲಿ, ನಮಗೆ ವಹಿಸಿಕೊಟ್ಟ ಸಮಯದ ಬಗ್ಗೆ ನಾಳೆ ಉತ್ತರ ಹೇಳಲು ಶಕ್ತರನ್ನಾಗಿ ಮಾಡಲಿ. ಆಮೀನ್.